ದಿನಕ್ಕೆ 31 ಸಲ ಆಕ್ಸಿಮೀಟರ್, ಏಳು ತಿಂಗಳಿಂದ ಲ್ಯಾಬಿನ ಶುಗರ್ ಟೆಸ್ಟ್ ಇಲ್ಲ: ಕೋವಿಡ್ ಭಯದ ಒಂದು ಪ್ರಕರಣ

ಇಲ್ಲಿ ಬರುವ ಟೀಚರ್ ಒಬ್ಬರೇ ವ್ಯಕ್ತಿಯಲ್ಲ. ಒಂದೇ ಬಗೆಯ ತೊಂದರೆ ಅನುಭವಿಸಿದವರ ಸಂಗತಿಗಳನ್ನು ಒಬ್ಬರಲ್ಲೇ ಹೆಣೆದು, ಊರು, ವಯಸ್ಸು, ಮನೆಯ ವಿವರ ಬದಲಿಸಿ ಬರೆದಿದ್ದು. ಮಾತ್ರೆಯ ಪ್ರಮಾಣ ಈ ಪ್ರಕರಣಕ್ಕೆ ಮಾತ್ರ ಸಂಬಂಧಿಸಿದ್ದು. ಓದಿದವರು ತಮ್ಮ ಮಾತ್ರೆಗೆ ಅದನ್ನು ಹೊಂದಿಸಿಕೊಳ್ಳಬಾರದು.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. 54 ವರ್ಷದ ಪ್ರಾಥಮಿಕ ಶಾಲಾ ಶಿಕ್ಷಕಿ, ಬೀದಿಯಲ್ಲಿ ಎಲ್ಲರಿಗೂ ಟೀಚರ್. ಮನೆಯಲ್ಲಿ ನಿವೃತ್ತರಾದ ಯಜಮಾನರು, ಲಾಕ್‌ಡೌನ್‌ಗೆ ಮುಂಚೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದ ಮಗ. ಏಳು ವರ್ಷದಿಂದ ಸಕ್ಕರೆ ಕಾಯಿಲೆ, ನಾಲ್ಕು ವರ್ಷದಿಂದ ಬಿಪಿ. ಸಕ್ಕರೆಗೆ ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ದಿನಕ್ಕೆರಡು, ಬೆಳಗಿನ ತಿಂಡಿಯ ಹೊತ್ತಿಗೆ ಗ್ಲಿಮೆಪಿರೈಡ್ 1 ಮಿ.ಗ್ರಾಂ., ಬಿಪಿಗೆ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಬೆಳಿಗ್ಗೆ ಐದೂಮುಕ್ಕಾಲಿಗೆ ಹೈಸ್ಕೂಲ್ ಮೈದಾನದಲ್ಲಿ 40 ನಿಮಿಷ ನಡಿಗೆ, ವಾರಕ್ಕೊಮ್ಮೆ ಮನೆಯಲ್ಲೇ ಬೆರಳು ಚುಚ್ಚಿ ಶುಗರ್, ಮೂರ್ನಾಲ್ಕು ತಿಂಗಳಿಗೊಮ್ಮೆ ಲ್ಯಾಬ್. 2020ರ ಜನವರಿಯಲ್ಲಿ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.9 ಇತ್ತು. ಡಾಕ್ಟರಿಗೆ ತಲೆನೋವು ಕೊಡದ ಪೇಷೆಂಟ್.

ಅಕ್ಟೋಬರ್ ಹೊತ್ತಿಗೆ ಅದೇ ಎಚ್‌ಬಿಎ1ಸಿ 9.4. ಅಷ್ಟರವರೆಗೆ ಟೀಚರಿಗೆ ಕೋವಿಡ್ ಬಂದಿರಲಿಲ್ಲ. ಮನೆಯವರ ಪ್ರಕಾರ ಅವರು ಆರೋಗ್ಯದ ಬಗ್ಗೆ ಹಿಂದೆಂದಿಗಿಂತ ಹೆಚ್ಚು ಎಚ್ಚರವಾಗಿದ್ದರು.

ಏಳು ತಿಂಗಳಲ್ಲಿ ಏನೇನಾಯಿತು

ದೇಶದ ಮೊದಲ ಕೋವಿಡ್ ಸಾವು ವರದಿಯಾಗಿದ್ದು ಕಲಬುರಗಿಯಿಂದ, 2020ರ ಮಾರ್ಚ್‌ನಲ್ಲಿ. ಮಾರ್ಚ್ 25ರಿಂದ ಲಾಕ್‌ಡೌನ್. ಮೈದಾನದ ಗೇಟಿಗೆ ಬೀಗ ಬಿತ್ತು, ನಡಿಗೆ ನಿಂತಿತು. ಮೇ ತಿಂಗಳಲ್ಲಿ ಬೀಗ ತೆಗೆದರೂ ಟೀಚರ್ ಹೋಗಲಿಲ್ಲ.

ಆರೋಗ್ಯ ಇಲಾಖೆಯ ಸಂಜೆಯ ಬುಲೆಟಿನ್‌ನಲ್ಲಿ ಆಗ ಸೋಂಕಿತರಿಗೆಲ್ಲ ಪಿ-ನಂಬರ್ (ಪೇಷೆಂಟ್ ನಂಬರ್) ಇರುತ್ತಿತ್ತು. ಯಾವ ಜಿಲ್ಲೆ, ಯಾರ ಸಂಪರ್ಕ ಎಂಬುದೂ ಇರುತ್ತಿತ್ತು. ಟೀಚರ್ ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ತಮ್ಮ ಜಿಲ್ಲೆಯ ನಂಬರುಗಳನ್ನು ಬರೆದಿಡತೊಡಗಿದರು. ಸಂಜೆ ಬುಲೆಟಿನ್, ಒಂಬತ್ತಕ್ಕೆ ಟಿವಿ, ಮಲಗುವ ಮುಂಚೆ ಶಿಕ್ಷಕರ ವಾಟ್ಸ್ಆ್ಯಪ್ ಗುಂಪು. ಹತ್ತಕ್ಕೆ ಮಲಗುತ್ತಿದ್ದವರಿಗೆ ಒಂದು ಗಂಟೆಯಾದರೂ ನಿದ್ದೆ ಬಾರದು.

ಏಪ್ರಿಲ್‌ನಲ್ಲಿ ಒಂದು ಫಾರ್ವರ್ಡ್ ಬಂತು: ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ತಿನ್ನುವವರಿಗೆ ಕೊರೊನಾ ಬೇಗ ಅಂಟುತ್ತದೆ, ಬಂದರೆ ಉಳಿಯುವುದು ಕಷ್ಟ. ಇದು ಪೂರ್ತಿ ಕಟ್ಟುಕತೆಯಲ್ಲ, ಅದೇ ಇದರ ಅಪಾಯ. ವೈರಸ್ ಜೀವಕೋಶದೊಳಗೆ ನುಗ್ಗಲು ಬಳಸುವ ಎಸಿಇ2 ಎಂಬ ಗ್ರಾಹಿಯನ್ನು ಈ ಜಾತಿಯ ಮಾತ್ರೆಗಳು ಹೆಚ್ಚಿಸಬಹುದೇ ಎಂಬ ಪ್ರಶ್ನೆಯನ್ನು ಮಾರ್ಚ್‌ನಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಎತ್ತಿದ್ದರು. ಅದೊಂದು ಊಹೆ. ಮಾತ್ರೆ ನಿಲ್ಲಿಸಬೇಡಿ ಎಂದು ಯುರೋಪಿನ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಅದೇ ಮಾರ್ಚ್‌ನಲ್ಲಿ ಸ್ಪಷ್ಟವಾಗಿ ಹೇಳಿದ್ದವು. ಪ್ರಶ್ನೆ ಫೋನಿಗೆ ಬಂತು, ಉತ್ತರ ಬರಲಿಲ್ಲ. ಟೀಚರ್ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. ಯಜಮಾನರು ತಿಂಗಳು ತಿಂಗಳು ಮೆಡಿಕಲ್ ಶಾಪಿನಿಂದ ತರುತ್ತಿದ್ದ ಸ್ಟ್ರಿಪ್‌ಗಳು ಬೀರುವಿನಲ್ಲಿ ಸೀರೆಯ ಕೆಳಗೆ ಸೇರುತ್ತಿದ್ದವು.

ಮಾತ್ರೆಯ ಜಾಗಕ್ಕೆ ಕಷಾಯ ಬಂತು. ಶುಂಠಿ, ಮೆಣಸು, ತುಳಸಿ, ಚಕ್ಕೆ, ಜೊತೆಗೆ ಗಂಟಲಿಗೆ ಹಿತವೆಂದು ಜ್ಯೇಷ್ಠಮಧುವಿನ ಪುಡಿ. ದಿನಕ್ಕೆ ಮೂರು ಲೋಟ, ಪ್ರತಿ ಲೋಟಕ್ಕೂ ನಿಂಬೆಗಾತ್ರದ ಬೆಲ್ಲ. ಮಗ ಮುಂದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಒಂದು ಉಂಡೆ 20 ಗ್ರಾಂ ಬಂತು. ದಿನಕ್ಕೆ 60 ಗ್ರಾಂ ಬೆಲ್ಲವೆಂದರೆ ಹತ್ತಿರಹತ್ತಿರ 230 ಕ್ಯಾಲೊರಿ, ಅದೂ ಸೀದಾ ರಕ್ತಕ್ಕೆ ಹೋಗುವ ಸಕ್ಕರೆ. ಜ್ಯೇಷ್ಠಮಧು ದಿನವೂ ಹೆಚ್ಚಾಗಿ ಸೇವಿಸಿದರೆ ದೇಹ ಉಪ್ಪು-ನೀರನ್ನು ಹಿಡಿದಿಟ್ಟುಕೊಂಡು ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆ ಬಿಟ್ಟವರು ಬಿಪಿ ಏರಿಸುವ ಪುಡಿಯನ್ನು ಮದ್ದೆಂದು ಕುಡಿಯುತ್ತಿದ್ದರು.

ಜೂನ್‌ನಲ್ಲಿ ಪಕ್ಕದ ಬೀದಿ ಸೀಲ್‌ಡೌನ್ ಆಯಿತು. ತಗಡಿನ ಶೀಟು, ಕೆಂಪು ರಿಬ್ಬನ್, ಪಿಪಿಇ ಕಿಟ್ ತೊಟ್ಟವರು ಒಬ್ಬರನ್ನು ಆಂಬುಲೆನ್ಸ್ ಹತ್ತಿಸಿದ್ದನ್ನು ಟೀಚರ್ ತಾರಸಿಯಿಂದ ನೋಡಿದರು. ಕೈತೊಳೆಯುವುದು ಅಂದಿನಿಂದ ಲೆಕ್ಕ ತಪ್ಪಿತು. ಬಟ್ಟೆ ಸೋಪು, ಬೋರ್‌ವೆಲ್‌ನ ಗಡಸು ನೀರು; ತಿಂಗಳೊಳಗೆ ಬೆರಳ ತುದಿಗಳು ಒಡೆದವು. ಒಡೆದ ಬೆರಳಿಗೆ ಸ್ಯಾನಿಟೈಸರ್ ಉರಿಯುತ್ತದೆ, ಗ್ಲುಕೋಮೀಟರ್ ಸೂಜಿ ಇನ್ನೂ ನೋಯುತ್ತದೆ. ಮನೆಯಲ್ಲಿ ಶುಗರ್ ನೋಡುವುದು ನಿಂತಿದ್ದು ಹೀಗೆ. ಲ್ಯಾಬ್ ಎಂದರೆ ಸೋಂಕಿನ ಗೂಡು ಎಂಬ ಭಾವನೆಯಿಂದ ಅದು ಮಾರ್ಚ್‌ನಲ್ಲೇ ನಿಂತಿತ್ತು.

ಆಗಸ್ಟ್‌ನಲ್ಲಿ ಶಾಲೆಯ ಹೊರಗೆ ಪಾಠ ಹೇಳುವ ವಿದ್ಯಾಗಮ ಯೋಜನೆ ಶುರುವಾಗಿ ದೇವಸ್ಥಾನದ ಕಟ್ಟೆ, ಮರದ ನೆರಳಲ್ಲಿ ಮಕ್ಕಳಿಗೆ ಪಾಠ ಹೇಳಬೇಕಾಯಿತು. ಶಿಕ್ಷಕರಿಗೂ ಸೋಂಕು ತಗುಲಿದ ಸುದ್ದಿಗಳ ನಡುವೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಈ ನಡುವೆಯೇ ಟೀಚರ್, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ತೋರಿಸುವ ಆಕ್ಸಿಮೀಟರ್ ತರಿಸಿಕೊಂಡಿದ್ದು. ಪಿ-ನಂಬರಿನ ನೋಟ್‌ಬುಕ್ಕಿನ ಹಿಂಬದಿಯಿಂದ ಅದರ ಅಂಕಿಗಳು ಶುರುವಾಗುತ್ತವೆ. ಮೊದಲ ವಾರ ದಿನಕ್ಕೆ ನಾಲ್ಕು. ಅಕ್ಟೋಬರ್ ಎರಡನೇ ವಾರದ ಒಂದು ದಿನ 31.

ಆ ರಾತ್ರಿ

ಹನ್ನೆರಡೂವರೆಗೆ ಎದೆ ಬಿಗಿದಂತೆ, ಉಸಿರು ಸಾಲದಂತೆ ಅನ್ನಿಸಿತು. ತುಟಿ, ಬೆರಳ ತುದಿ ಜುಮುಜುಮು. ಎದ್ದು ಕೈತೊಳೆದು ಆಕ್ಸಿಮೀಟರ್ ಹಾಕಿಕೊಂಡರೆ 93. ಮತ್ತೆ ತೊಳೆದು ಹಾಕಿದರೆ 92. ಬಿಪಿ 184/102. ಮಗ ಕಾರಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ಆಕ್ಸಿಮೀಟರಿನಲ್ಲಿ 98. ಇಸಿಜಿ ಸರಿಯಿದೆ, ರ‍್ಯಾಪಿಡ್ ಟೆಸ್ಟ್ ನೆಗೆಟಿವ್. ಶುಗರ್ ಮಾತ್ರ 312. ಬೆಳಿಗ್ಗೆ ಬಂದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ 3.4, ಸ್ವಲ್ಪ ಕಡಿಮೆ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಸರಿ.

ಮನೆಯ 92, ಆಸ್ಪತ್ರೆಯ 98. ಯಂತ್ರ ಕೆಟ್ಟಿದೆ ಎಂದು ಮಗ ವಾಪಸ್ ಮಾಡಲು ಹೊರಟಿದ್ದ. ಮರುದಿನ ನರ್ಸ್ ಒಬ್ಬರು, "ಮನೇಲಿ ಹೇಗೆ ನೋಡ್ಕೋತೀರ, ಒಂದ್ಸಲ ಮಾಡಿ ತೋರ್ಸಿ ಟೀಚರ್" ಎಂದರು. ಟೀಚರ್ ಎದ್ದು ಸಿಂಕಿನಲ್ಲಿ ತಣ್ಣೀರಿನಿಂದ ಕೈತೊಳೆದರು, ಒದ್ದೆ ಬೆರಳನ್ನೇ ಆಕ್ಸಿಮೀಟರಿಗೆ ತೂರಿಸಿದರು, ಮೊದಲು ಮಿನುಗಿದ ಅಂಕಿ ನೋಡಿ ತೆಗೆದರು. 93. ಅದೇ ಕೈಯನ್ನು ಒರೆಸಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿ, ಒಂದು ನಿಮಿಷ ಕಾದರೆ 98.

ಆಕ್ಸಿಮೀಟರ್ ಬೆರಳಿನ ಮೂಲಕ ಬೆಳಕು ಹಾಯಿಸಿ, ಮಿಡಿಯುವ ರಕ್ತ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುತ್ತದೆ. ಬೆರಳು ತಣ್ಣಗಾದರೆ ರಕ್ತನಾಳ ಕುಗ್ಗಿ ಮಿಡಿತ ಕ್ಷೀಣವಾಗುತ್ತದೆ, ಅಂಕಿ ನಂಬುವಂತಿರುವುದಿಲ್ಲ. ಗಾಬರಿಯಲ್ಲೂ ಬೆರಳು ತಣ್ಣಗಾಗುತ್ತದೆ, ನಡುಗುತ್ತದೆ. ಭಯವಾದಾಗ ಕೈತೊಳೆತ, ತೊಳೆದಾಗ ತಣ್ಣನೆ ಬೆರಳು, ತಣ್ಣನೆ ಬೆರಳಿಗೆ ಕಡಿಮೆ ಅಂಕಿ, ಕಡಿಮೆ ಅಂಕಿಗೆ ಇನ್ನಷ್ಟು ಭಯ. ಎರಡು ತಿಂಗಳಿಂದ ಗಾಣದ ಎತ್ತಿನಂತೆ ಇದೇ ಸುತ್ತು. ಜುಮುಜುಮುವಿನ ಕಾರಣವೂ ಬೇರೆಯೇ: ಗಾಬರಿಯಲ್ಲಿ ಬೇಗಬೇಗ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋದಾಗ ತುಟಿ, ಬೆರಳು ಜೋಮು ಹಿಡಿಯುತ್ತವೆ, ಎಷ್ಟು ಉಸಿರೆಳೆದರೂ ಸಾಲದೆನಿಸುತ್ತದೆ. ಆಮ್ಲಜನಕ ಆಗಲೂ 98-99 ಇರುತ್ತದೆ.

ಸೀರೆಯ ಕೆಳಗಿನ ಸ್ಟ್ರಿಪ್‌ಗಳ ವಿಷಯವೂ ಅಲ್ಲೇ ಹೊರಬಂತು. "ಮಾತ್ರೆ ತಗೋತಿದ್ದೀರಾ?" ಎಂದು ಮೂವರು ಕೇಳಿದ್ದಕ್ಕೆ ಹೌದು ಎಂದಿದ್ದರು. "ವಾರದಲ್ಲಿ ಎಷ್ಟು ದಿನ ತಪ್ಪುತ್ತೆ ಟೀಚರ್?" ಎಂದು ನಾಲ್ಕನೆಯವರು ಕೇಳಿದಾಗ ಅತ್ತರು. ಮೊದಲ ಪ್ರಶ್ನೆಗೆ ಮರ್ಯಾದೆಯ ಉತ್ತರ ಒಂದೇ ಇದೆ. ಎರಡನೆಯದು ತಪ್ಪುವುದು ಸಹಜ ಎಂದು ಒಪ್ಪಿಕೊಂಡೇ ಕೇಳುತ್ತದೆ.

ಮೊದಲು ಮಾಡಿದ್ದು, ಕೈಕೊಟ್ಟಿದ್ದು

ಆಸ್ಪತ್ರೆಯಲ್ಲಿ ಗ್ಲಿಮೆಪಿರೈಡ್ 2 ಮಿ.ಗ್ರಾಂ.ಗೆ ಏರಿಸಿ, ಟೆಲ್ಮಿಸಾರ್ಟನ್ ಮತ್ತೆ ಶುರುಮಾಡಿ, ಐದು ರಾತ್ರಿಗೆ ನಿದ್ದೆ ಮಾತ್ರೆ ಬರೆದು, "ಏನೂ ಆಗಿಲ್ಲ, ಧೈರ್ಯವಾಗಿರಿ ಅಮ್ಮ" ಎಂದು ಕಳಿಸಿದರು. ಧೈರ್ಯ ಎರಡು ದಿನ ಬಾಳಿತು. ನಿದ್ದೆ ಮಾತ್ರೆಯಿಂದ ನಿದ್ದೆ ಬಂತಾದರೂ ಬೆಳಿಗ್ಗೆಯ ತೂಕಡಿಕೆಯನ್ನೇ ಆಮ್ಲಜನಕ ಕಡಿಮೆಯಾದ ಲಕ್ಷಣವೆಂದು ಟೀಚರ್ ಓದಿಕೊಂಡರು.

ಮಗ ಆಕ್ಸಿಮೀಟರನ್ನು ಕಿತ್ತು ತನ್ನ ಕೋಣೆಯಲ್ಲಿಟ್ಟ. ನಾಲ್ಕನೇ ದಿನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಇನ್ನೊಂದು ಮನೆಗೆ ಬಂತು, ಈ ಸಲ ಅಕ್ಕಿಡಬ್ಬಿಯಲ್ಲಿ. ಬಹಳ ಮನೆಗಳಲ್ಲಿ ಆಗುವುದು ಇದೇ. ಉಪಕರಣ ಕಿತ್ತುಕೊಂಡರೆ ಪರೀಕ್ಷೆ ನಿಲ್ಲುವುದಿಲ್ಲ, ಕದ್ದು ನಡೆಯುತ್ತದೆ. ಆಮೇಲೆ ಎಷ್ಟು ಸಲ ಎಂಬ ಲೆಕ್ಕವೂ ಸಿಗುವುದಿಲ್ಲ.

ಕೆಲಸ ಮಾಡಿದ ಯೋಜನೆ

ನವೆಂಬರ್ ಮೊದಲ ವಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕಿ ಫೋನಿನಲ್ಲಿ ಮಾತಾಡಲು ಶುರುಮಾಡಿದರು. (ಜಿಲ್ಲಾ ಮಟ್ಟದ ಈ ವ್ಯವಸ್ಥೆಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಮೊದಲು ಪ್ರಯೋಗಿಸಿದ್ದು ನಮ್ಮ ಬಳ್ಳಾರಿಯಲ್ಲಿ. ಈಗಾದರೆ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಿಗುತ್ತದೆ; ಅದು ಬಂದಿದ್ದು 2022ರಲ್ಲಿ.) ಆತಂಕ ಅಳೆಯುವ ಏಳು ಪ್ರಶ್ನೆಗಳ ಜಿಎಡಿ-7ರಲ್ಲಿ ಟೀಚರಿಗೆ 21ಕ್ಕೆ 16 ಅಂಕ, 15 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೀವ್ರ.

ಸಮಾಲೋಚಕಿ ಮತ್ತು ವೈದ್ಯರು ಸೇರಿ ತೆಗೆದುಕೊಂಡ ಮುಖ್ಯ ತೀರ್ಮಾನ: "ಹೆದರಬೇಡಿ" ಎಂಬ ಮಾತನ್ನೇ ಬಿಡುವುದು, ಏನನ್ನೂ ಪೂರ್ತಿ ನಿಷೇಧಿಸದಿರುವುದು, ಪ್ರತಿಯೊಂದಕ್ಕೂ ವೇಳೆ ಗೊತ್ತುಮಾಡುವುದು. ವೇಳಾಪಟ್ಟಿ ಹಾಕುವುದು ಟೀಚರಿಗೆ ಹೇಳಿಕೊಡಬೇಕಾದ ಕೆಲಸವಲ್ಲ. ನೋಟ್‌ಬುಕ್ಕಿನ ಹೊಸ ಹಾಳೆಗೆ ಅವರೇ ಸ್ಕೇಲಿಟ್ಟು ಗೆರೆ ಹಾಕಿದರು.

ಆಕ್ಸಿಮೀಟರ್ ಬೆಳಿಗ್ಗೆ 8, ರಾತ್ರಿ 8. ಐದು ನಿಮಿಷ ಕೂತು, ಒಣಗಿದ ಬೆಚ್ಚನೆ ಬೆರಳಿಗೆ, ಕೈಯನ್ನು ಮೇಜಿನ ಮೇಲಿಟ್ಟು, ಅಂಕಿ ನಿಲ್ಲುವ ತನಕ ಒಂದು ನಿಮಿಷ. ಮಿಡಿತದ ಪಟ್ಟಿ ಸರಿಯಾಗಿ ಏರಿಳಿಯದಿದ್ದರೆ ಆ ಅಂಕಿ ಬರೆಯುವಂತಿಲ್ಲ. ಬೆರಳಿಗೆ ಮದರಂಗಿ, ನೇಲ್ ಪಾಲಿಶ್ ಇರಬಾರದು. 94ಕ್ಕಿಂತ ಕಡಿಮೆ ಬಂದರೆ ಐದು ನಿಮಿಷ ಬಿಟ್ಟು ಇನ್ನೊಂದು ಕೈ. ಆಗಲೂ ಕಡಿಮೆಯಿದ್ದರೆ ಡಾಕ್ಟರಿಗೆ ಫೋನ್. 90ಕ್ಕಿಂತ ಕೆಳಗೆ, ಅಥವಾ ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರಿದ್ದರೆ ಸೀದಾ ಆಸ್ಪತ್ರೆ.

ನಡುವೆ ನೋಡಬೇಕೆನಿಸಿದರೆ ಹತ್ತು ನಿಮಿಷ ತಡೆಯಬೇಕು. ಭಯ ಹತ್ತಕ್ಕೆ ಎಷ್ಟು ಎಂದು ಬರೆದು, ನಾಲ್ಕು ಎಣಿಸುವಷ್ಟು ಉಸಿರೆಳೆದು ಆರು ಎಣಿಸುವಷ್ಟು ಹೊರಬಿಡುತ್ತ ಇರಬೇಕು, ಹತ್ತು ನಿಮಿಷಕ್ಕೆ ಮತ್ತೆ ಅಂಕ ಬರೆಯಬೇಕು. ಮೂರನೇ ದಿನದ ಹಾಳೆಯಲ್ಲಿ 8, 8, 6, ಇಪ್ಪತ್ತೈದನೇ ನಿಮಿಷಕ್ಕೆ 4 ಎಂದಿದೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, "ನೋಡದೆಯೇ ಇಳಿಯಿತು." ಆರು ವಾರಗಳ ಸಮಾಲೋಚನೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಪರೀಕ್ಷೆ ಮಾಡಿದ್ದಕ್ಕೇ ಭಯ ಇಳಿಯುತ್ತದೆ ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು. ತಾನಾಗಿಯೇ ಇಳಿಯುತ್ತದೆ ಎಂದು ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ, ತಮ್ಮ ಕೈಬರಹವನ್ನು ನಂಬಿದರು.

ಕೈತೊಳೆಯಲು ಸಂಖ್ಯೆಯ ಮಿತಿ ಹಾಕಲಿಲ್ಲ, ಹಾಕಿದ್ದರೆ ಅದನ್ನೂ ಎಣಿಸುತ್ತಿದ್ದರು. ಸಂದರ್ಭಗಳನ್ನು ಬರೆದರು: ಹೊರಗಿನಿಂದ ಬಂದಾಗ, ಅಡುಗೆ ಮತ್ತು ಊಟದ ಮುಂಚೆ, ಶೌಚದ ನಂತರ, ಕೆಮ್ಮಿ ಸೀನಿದಾಗ. ಪ್ರತಿ ಸಲ 20 ಸೆಕೆಂಡ್, ಮೈಸೋಪು, ತೊಳೆದ ಮೇಲೆ ಇನ್ನೂ ಪಸೆಯಿರುವಾಗಲೇ ಕೊಬ್ಬರಿ ಎಣ್ಣೆ. ರಾತ್ರಿ ವ್ಯಾಸಲಿನ್ ಹಚ್ಚಿ ಹತ್ತಿಯ ಕೈಗವಸು. ಹದಿನೈದು ದಿನದಲ್ಲಿ ಬಿರುಕು ಕೂಡಿಕೊಂಡಿತು. ಬೆರಳ ತುದಿಯ ನಡುವೆ ಚುಚ್ಚುವ ಬದಲು ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಶುಗರ್ ನೋಡುವುದು ಹಾಗೆ ಮರಳಿತು.

ಕಷಾಯ ಬಿಡಿಸಲಿಲ್ಲ. ದಿನಕ್ಕೊಂದು ಲೋಟ, ಬೆಲ್ಲವಿಲ್ಲ, ಜ್ಯೇಷ್ಠಮಧು ಇಲ್ಲ. ನಡಿಗೆ ಮೈದಾನದಿಂದ ತಾರಸಿಗೆ ಬಂತು, ಮೂರೂ ಊಟದ ನಂತರ ಹತ್ತತ್ತು ನಿಮಿಷ. ಊಟದ ಬೆನ್ನಲ್ಲೇ ನಡೆದರೆ ಸ್ನಾಯುಗಳು ಸಕ್ಕರೆ ಎಳೆದುಕೊಳ್ಳುವುದರಿಂದ ಶುಗರ್ ಅಷ್ಟು ಏರುವುದಿಲ್ಲ. ಬಿಪಿ ಬೆಳಿಗ್ಗೆ ಮಾತ್ರ: ಕಾಫಿಗೆ ಮುಂಚೆ, ಬೆನ್ನಿಗೆ ಒರಗು, ಪಾದ ನೆಲಕ್ಕೆ, ಕೈ ಎದೆಯ ಮಟ್ಟಕ್ಕೆ, ಐದು ನಿಮಿಷ ಸುಮ್ಮನೆ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಸುದ್ದಿ ಸಂಜೆ ಆರರ ಒಳಗೆ ಹದಿನೈದು ನಿಮಿಷ, ಫೋನ್ ರಾತ್ರಿ ಹಾಲ್‌ನಲ್ಲಿ. ಪಿ-ನಂಬರ್ ಬರೆಯುವುದನ್ನು ಅವರೇ ಬಿಟ್ಟರು, ಯಾರೂ ಹೇಳಿರಲಿಲ್ಲ.

ಎಡವಿದ ಎರಡು ಜಾಗ

ಎರಡನೇ ವಾರ ಆಕ್ಸಿಮೀಟರ್ ಅಂಕಣ ಸರಿಯಾಗಿ ದಿನಕ್ಕೆರಡೇ ತೋರಿಸುತ್ತಿತ್ತು. ಆದರೆ ಯಜಮಾನರಿಗೆ ತಲೆ ಕೆಟ್ಟಿತ್ತು. "ರೀ, ನನ್ನ ಮುಖ ಬಿಳಚಿಕೊಂಡಿದೆಯಾ?" "ನನ್ನ ಉಸಿರು ಜೋರಾಗಿ ಕೇಳ್ತಿದೆಯಾ?" ಎಂದು ದಿನವಿಡೀ ಪ್ರಶ್ನೆ. ಪರೀಕ್ಷೆ ಯಂತ್ರದಿಂದ ಗಂಡನ ಕಣ್ಣಿಗೆ ದಾಟಿತ್ತು. ಮನೆಯವರು ಪ್ರೀತಿಯಿಂದ "ಏನಿಲ್ಲ ಬಿಡು" ಎಂದಷ್ಟೂ ಪ್ರಶ್ನೆ ಹೆಚ್ಚುತ್ತದೆ. ಎಲ್ಲರೂ ಒಪ್ಪಿ ಒಂದು ಉತ್ತರ ಗೊತ್ತುಮಾಡಿಕೊಂಡರು: "ಎಂಟು ಗಂಟೆಗೆ ನೋಡೋಣ." ಟೀಚರೇ ಆರಿಸಿದ ವಾಕ್ಯವಾದ್ದರಿಂದ ಕೋಪ ಬರಲಿಲ್ಲ. ಅಥವಾ ಬಂದರೂ ಕಡಿಮೆ.

ಇನ್ನೊಂದು ಹೆಚ್ಚು ಗಂಭೀರ. ನವೆಂಬರ್ ಕೊನೆಯಲ್ಲಿ ಒಂದು ಸಂಜೆ ಮೈ ಬೆವರಿ, ಕೈ ನಡುಗಿ, ಎದೆ ಡವಡವ. ಟೀಚರ್ ಕಲಿತಂತೆ ಕೂತು ಉಸಿರಾಟ ಶುರುಮಾಡಿದರು. ಹತ್ತು ನಿಮಿಷಕ್ಕೆ ಭಯದ ಅಂಕ ಇಳಿಯುವ ಬದಲು ಏರಿತು, ಮಾತು ತೊದಲಿತು. ಮಗ ಬೆರಳು ಚುಚ್ಚಿ ನೋಡಿದರೆ ಶುಗರ್ 58. ಬೆಲ್ಲ ನಿಂತಿತ್ತು, ನಡಿಗೆ ಮರಳಿತ್ತು, ಗ್ಲಿಮೆಪಿರೈಡ್ ಮಾತ್ರ ಏರಿಸಿದಲ್ಲೇ ಇತ್ತು. ಇದು ಯೋಜನೆ ಹಾಕಿದವರ ತಪ್ಪು. 2 ಮಿ.ಗ್ರಾಂ. ಬರೆದಿದ್ದು ದಿನಕ್ಕೆ 60 ಗ್ರಾಂ ಬೆಲ್ಲ ಕುಡಿಯುವ ದೇಹಕ್ಕೆ. ಅಭ್ಯಾಸ ಬದಲಿಸುವ ದಿನವೇ ಮಾತ್ರೆಯನ್ನೂ ಮತ್ತೆ ಲೆಕ್ಕ ಹಾಕಬೇಕಿತ್ತು. ಮೂರು ಚಮಚ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿದರು, 15 ನಿಮಿಷಕ್ಕೆ 84. ಮರುದಿನ ವೈದ್ಯರು ಮಾತ್ರೆಯನ್ನು 1 ಮಿ.ಗ್ರಾಂ.ಗೆ ಇಳಿಸಿದರು.

ಹಾಳೆಯ ತಲೆಗೆ ಅಂದು ಹೊಸ ಸಾಲು ಸೇರಿತು: ಬೆವರು, ನಡುಕ ಬಂದರೆ ಮೊದಲು ಶುಗರ್, ಆಮೇಲೆ ಉಸಿರಾಟ. ಶುಗರ್ ಇಳಿದಾಗಿನ ಲಕ್ಷಣಕ್ಕೂ ಗಾಬರಿಯ ಲಕ್ಷಣಕ್ಕೂ ಹೊರಗಿನಿಂದ ಹೆಚ್ಚು ವ್ಯತ್ಯಾಸ ಕಾಣದು, ಎರಡರಲ್ಲೂ ಕೆಲಸ ಮಾಡುವುದು ಅಡ್ರಿನಲಿನ್ ಎಂಬ ಹಾರ್ಮೋನು. ಸಕ್ಕರೆ ಕಾಯಿಲೆಯವರಿಗೆ ಆತಂಕದ ಚಿಕಿತ್ಸೆ ಕೊಡುವವರು ಈ ಸಾಲನ್ನು ಮೊದಲ ದಿನವೇ ಬರೆಸಬೇಕು.

ಫಲಿತಾಂಶವನ್ನು ಓದುವ ಬಗೆ

2021ರ ಫೆಬ್ರವರಿಯಲ್ಲಿ ಎಚ್‌ಬಿಎ1ಸಿ 7.6, ಮನೆಯ ಬಿಪಿ 130/82ರ ಆಸುಪಾಸು, ಜಿಎಡಿ-7 ಅಂಕ 6. ಮಾತ್ರೆ ಮರಳಿದ್ದರಿಂದ ಎಷ್ಟು, ಬೆಲ್ಲ ಹೋದದ್ದರಿಂದ ಎಷ್ಟು, ನಿದ್ದೆಯಿಂದ ಎಷ್ಟು ಎಂದು ಬಿಡಿಸಿ ಹೇಳಲಾಗದು. ಆತಂಕದಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನು ಕೂಡ ಶುಗರ್ ಏರಿಸುತ್ತದೆ, ಅದು ಇಳಿದದ್ದೂ ಇದರಲ್ಲಿರಬಹುದು.

ಟೀಚರ್ ಹೆಚ್ಚಿಸಿಕೊಂಡ ಅಭ್ಯಾಸಗಳೆಲ್ಲ ಮಾಡಿದ ಕ್ಷಣದಲ್ಲೇ ಸಮಾಧಾನ ಕೊಡುವಂಥವು: ತೊಳೆಯುವುದು, ಕುಡಿಯುವುದು, ಅಂಕಿ ನೋಡುವುದು. ಬಿಟ್ಟವೆಲ್ಲ ಫಲ ತಿಂಗಳುಗಟ್ಟಲೆ ತಡವಾಗಿ ಕಾಣುವಂಥವು: ಬಿಪಿ ಮಾತ್ರೆ, ನಡಿಗೆ, ಲ್ಯಾಬ್. ಹೊರಗಿನವರಿಗೆ ಮೊದಲನೆಯದು ಮಾತ್ರ ಕಾಣುವುದರಿಂದ "ಎಷ್ಟು ಜೋಪಾನ ಮಾಡ್ಕೋತಾರೆ" ಎಂದು ಬೀದಿಯೆಲ್ಲ ಹೊಗಳಿತು. ಆತಂಕದಲ್ಲಿರುವವರನ್ನು ನೋಡುವಾಗ ಹೊಸದಾಗಿ ಏನು ಶುರುಮಾಡಿದ್ದೀರಿ ಎಂಬುದರ ಬೆನ್ನಿಗೇ ಏನು ನಿಂತಿದೆ ಎಂದು ಒಂದೊಂದಾಗಿ ಕೇಳಬೇಕಾದದ್ದು ಇದಕ್ಕೇ: ಮಾತ್ರೆ, ಲ್ಯಾಬ್, ಕಣ್ಣು, ಹಲ್ಲು, ನಡಿಗೆ, ನಿದ್ದೆ.

ನಂತರ

45 ದಾಟಿದ ಎಲ್ಲರಿಗೂ 2021ರ ಏಪ್ರಿಲ್ 1ರಿಂದ ಲಸಿಕೆ ಶುರುವಾದಾಗ ಟೀಚರ್ ಎರಡನೇ ವಾರ ಹಾಕಿಸಿಕೊಂಡರು. ಮೇ ತಿಂಗಳಲ್ಲಿ, ಎರಡನೇ ಅಲೆಯ ಬಿಗಿ ಲಾಕ್‌ಡೌನ್ ನಡುವೆ, ಮನೆಯ ಮೂವರಿಗೂ ಕೋವಿಡ್ ಬಂತು. ವೈದ್ಯರು ಆಕ್ಸಿಮೀಟರನ್ನು ದಿನಕ್ಕೆ ನಾಲ್ಕಕ್ಕೆ ಏರಿಸಿದರು, ಜೊತೆಗೆ ಆರು ನಿಮಿಷ ಕೋಣೆಯಲ್ಲೇ ನಡೆದು ಮತ್ತೊಮ್ಮೆ. ನಡೆದ ಮೇಲೆ 3 ಅಂಕಿಗಿಂತ ಹೆಚ್ಚು ಕುಸಿದರೆ ತಿಳಿಸಬೇಕು. ಹತ್ತು ದಿನದ ಹಾಳೆಗಳಲ್ಲಿ ದಿನಕ್ಕೆ ಐದೇ ಅಂಕಿಗಳಿವೆ, ಅತಿ ಕಡಿಮೆ 95. ಯಜಮಾನರ ಅಂಕಿಯನ್ನೂ ಟೀಚರೇ ನೋಡಿ ಬರೆದರು. ಅವರಿಗೆ ಒಂದು ರಾತ್ರಿ ಎರಡೂ ಕೈಯಲ್ಲಿ 93 ಬಂದಾಗ ಕೈ ಬೆಚ್ಚಗೆ ಮಾಡಿಸಿ ಮತ್ತೆ ನೋಡಿ, ಆಗಲೂ 93 ಎಂದಾದ ಮೇಲೆ ಮಗನನ್ನು ಎಬ್ಬಿಸಿದರು. ನಾಲ್ಕು ದಿನ ಆಕ್ಸಿಜನ್ ಮೇಲಿದ್ದು ಅವರು ಮನೆಗೆ ಬಂದರು.

ಕಿರಾಣಿ ಸಾಮಾನಿನ ಚೀಲ ಮೂರು ದಿನ ಜಗುಲಿಯಲ್ಲಿ ಒಣಗುವುದು ಮಾತ್ರ ಇನ್ನೂ ಇತ್ತು. ಅದನ್ನು ಯಾರೂ ಮುಟ್ಟಲಿಲ್ಲ.

ವರ್ಷಕ್ಕೊಮ್ಮೆ ಆಗಬೇಕಾದ ಕಣ್ಣಿನ ಪರದೆಯ ತಪಾಸಣೆ 2019ರ ಜೂನ್ ನಂತರ ಆಗಿರಲಿಲ್ಲ. ಫೆಬ್ರವರಿಯ ಪಟ್ಟಿಯಲ್ಲೂ ಅದು ತಪ್ಪಿಹೋಗಿತ್ತು, ಯಾರೂ ಕೇಳಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಮಾಡಿಸಿದಾಗ ಬಲಗಣ್ಣಿನಲ್ಲಿ ಸಕ್ಕರೆ ಕಾಯಿಲೆಯ ಆರಂಭದ ಚುಕ್ಕೆಗಳು ಕಂಡವು. ಎಂಟು ವರ್ಷದ ಕಾಯಿಲೆಗೆ ಅದು ಹೇಗಿದ್ದರೂ ಬರುತ್ತಿತ್ತೋ, ಆ ಏಳು ತಿಂಗಳು ತಂದದ್ದೋ, ಕಣ್ಣಿನ ಡಾಕ್ಟರೂ ಹೇಳಲಿಲ್ಲ. ಆರು ತಿಂಗಳಿಗೆ ಮತ್ತೆ ಬರಲು ಹೇಳಿದರು. ಟೀಚರ್ ಆ ತಾರೀಕನ್ನು ಅಲ್ಲೇ ಬೆಂಚಿನ ಮೇಲೆ ಕೂತು ನೋಟ್‌ಬುಕ್ಕಿಗೆ ಬರೆದುಕೊಂಡರು.